ಅತ್ತೆಯ ಮರೆವು: ಇಂಜೆಕ್ಷನ್‌ಗಿಂತ ಮೊದಲು ಬಿಪಿ ನೋಡಿಸಿ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮತ್ತೆಗೆ 67 ವರ್ಷ. ಓದು ಬರಹ ಬರಲ್ಲ. ಮಾವ ತೀರಿಕೊಂಡು ಎರಡು ವರ್ಷ ಆಗುತ್ತಾ ಬಂತು. ಸುಮಾರು ಒಂದು ವರ್ಷದಿಂದ ಅತ್ತೆಗೆ ಮರೆವು ಜಾಸ್ತಿ ಆಗಿದೆ. ಡೇರಿಗೆ ಹಾಲು ಹಾಕಿ ಬಂದು, ಮತ್ತೆ ಖಾಲಿ ಕ್ಯಾನ್ ಹಿಡಿದು ಹೊರಡುತ್ತಾರೆ. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ನನ್ನ ಮಗಳನ್ನು ತೀರಿಹೋದ ತಮ್ಮ ತಂಗಿಯ ಹೆಸರಿಂದ ಕರೆಯುತ್ತಾರೆ. ಟಿವಿ ಸೌಂಡು ಬೀದಿಗೆಲ್ಲ ಕೇಳಿಸಬೇಕು. ಶುಗರ್ ಇದೆ, ಮಾತ್ರೆ ತಗೋತಾರೆ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಸೈನ್ಸ್ ಇನ್‌ಸ್ಟಿಟ್ಯೂಟ್ ಕಡೆಯವರು ಬಂದು ಅವರ ರಕ್ತ ತಗೊಂಡಿದ್ದರು, ತಲೆ ಸ್ಕ್ಯಾನ್ ಕೂಡ ಮಾಡಿಸಿದ್ದರು. ಅದರಿಂದ ನಮಗೇನು ಬಂತು? ನಮ್ಮ ಯಜಮಾನರು ‘ಅರವತ್ತಕ್ಕೆ ಅರಳು ಮರಳು, ಬಿಡು’ ಅಂತಾರೆ. ನನ್ನ ಮೈದುನ, ಅಮೆರಿಕದಲ್ಲಿ ಹೊಸ ಇಂಜೆಕ್ಷನ್ ಬಂದಿದೆ, ಮಾವಿನ ತೋಪಿನಲ್ಲಿ ಅರ್ಧ ಎಕರೆ ಮಾರಿ ಕೊಡಿಸೋಣ ಅಂತಾನೆ. ನಾವೇನು ಮಾಡಬೇಕು? ಇದು ನಮ್ಮ ಮಕ್ಕಳಿಗೂ ಬರುತ್ತಾ?
— ಒಬ್ಬ ಸೊಸೆ

ಉತ್ತರ:

ಮೊದಲು ತೋಪಿನ ವಿಷಯ. ಮಾರಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಯಜಮಾನರು ಹೇಳುವ ಹಾಗೆ ಸುಮ್ನೆ ಬಿಡುವುದೂ ಬೇಡ. ವಯಸ್ಸಾದ ಮೇಲೆ ಹೆಸರು ತಟ್ಟನೆ ಬಾಯಿಗೆ ಬರಲ್ಲ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಾಡುತ್ತೇವೆ. ಅದು ಎಲ್ಲರಿಗೂ ಆಗುವುದೇ. ಆದರೆ ಹಾಲು ಹಾಕಿ ಬಂದವರಿಗೆ, ಹಾಕಿ ಬಂದೆ ಅನ್ನುವುದೇ ನೆನಪಿಲ್ಲ ಅಂದರೆ ಅದು ಬೇರೆ ಲೆಕ್ಕ. ವರ್ಷಗಟ್ಟಲೆ ಕೈಗೆ ಹತ್ತಿದ ಕೆಲಸ ತಪ್ಪಲು ಶುರುವಾದರೆ ಪರೀಕ್ಷೆ ಮಾಡಿಸಲೇಬೇಕು.

ನೀವು ಒಂಟಿ ಅಲ್ಲ. 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ (ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆ) ಇದೆ ಎಂದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ದೇಶವ್ಯಾಪಿ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಜಾಸ್ತಿ. ನಮ್ಮ ಹಳ್ಳಿಗಳಲ್ಲಿ ಇಂಥದ್ದೆಲ್ಲ ಕಡಿಮೆ, ಮುದ್ದೆ ತಿಂದು ಹೊಲದಲ್ಲಿ ಗೇಯ್ದವರಿಗೆ ತಲೆ ಗಟ್ಟಿ ಅನ್ನುವ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಲೆಕ್ಕ ಹಾಗೆ ಹೇಳಲ್ಲ.

ಹಾಗಂತ ನಿಮ್ಮತ್ತೆಗೆ ಡಿಮೆನ್ಷಿಯಾ ಬಂದೇಬಿಟ್ಟಿದೆ ಅಂತಲೂ ಈಗಲೇ ತೀರ್ಮಾನ ಬೇಡ. ನಿಮ್ಮ ಪತ್ರದಲ್ಲೇ ಬೇರೆ ಸುಳಿವುಗಳು ಮೂರು ನಾಲ್ಕು ಇವೆ. ಅವರಿಗೆ ಶುಗರ್ ಇದೆ. ಶುಗರ್‌ಗೆ ಬಹಳ ಜನ ತಗೊಳ್ಳುವುದು ಮೆಟ್‌ಫಾರ್ಮಿನ್ ಮಾತ್ರೆ. ಅದನ್ನು ವರ್ಷಾನುಗಟ್ಟಲೆ ನುಂಗಿದರೆ ಬಿ12 ವಿಟಮಿನ್ ಕಡಿಮೆಯಾಗಬಹುದು. ಜೊತೆಗೆ ದಿನಾ ಬೆಳಗ್ಗೆ ಗ್ಯಾಸ್ ಮಾತ್ರೆ ತಗೊಳ್ಳುವ ಅಭ್ಯಾಸ ಇದ್ದರೆ ಇನ್ನೂ ಕಡಿಮೆ. ಬಿ12 ತೀರಾ ಇಳಿದರೆ ಮರೆವು ಬರುತ್ತದೆ, ಪಾದ ಜೋಮು ಹಿಡಿಯುತ್ತದೆ, ನಡಿಗೆ ತೂರಾಡುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಚಿಕಿತ್ಸೆಗೆ ಬೇಕಾದ್ದು ಕಡಿಮೆ ಬೆಲೆಯ ಇಂಜೆಕ್ಷನ್ನೇ. ಮೈದುನ ಹೇಳಿದ ಇಂಜೆಕ್ಷನ್‌ಗಿಂತ ನಾನು ಮೊದಲು ಯೋಚಿಸುವುದು ಇದನ್ನು. ಥೈರಾಯ್ಡ್ ಕೂಡ ಅದೇ ದಿನ ನೋಡಿಸಿ.

ಎರಡನೆಯದು, ಮಾವ ಹೋದ ದುಃಖ. ವಯಸ್ಸಾದವರಲ್ಲಿ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಯಾವುದರಲ್ಲೂ ಮನಸ್ಸಿಲ್ಲ, ಹೇಳಿದ್ದು ಕಿವಿಗೆ ಬೀಳಲ್ಲ, ಮರೆವು, ನಿದ್ದೆ ಇಲ್ಲ, ಊಟ ಸೇರಲ್ಲ. ನೋಡುವವರಿಗೆ ಡಿಮೆನ್ಷಿಯಾ ಥರಾನೇ ಕಾಣುತ್ತದೆ. ಆಮೇಲೆ ಮಾತ್ರೆಗಳು. ನಿದ್ದೆ ಮಾತ್ರೆ, ಕಾಲುನೋವಿಗೆ ರಾತ್ರಿ ಕೊಡುವ ಕೆಲವು ಮಾತ್ರೆ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ನೆಗಡಿ ಮಾತ್ರೆ, ಇವೆಲ್ಲ ವಯಸ್ಸಾದವರ ತಲೆಗೆ ಮಂಕು ಕವಿಸುತ್ತವೆ. ಕೊಟ್ಟಿಗೆಯಲ್ಲೋ ಬಚ್ಚಲಲ್ಲೋ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತೇ ಅಂತ ನೆನಪು ಮಾಡಿಕೊಳ್ಳಿ. ತಲೆಬುರುಡೆ ಒಳಗೆ ನಿಧಾನಕ್ಕೆ ರಕ್ತ ಸೋರಿ, ವಾರಗಳ ಮೇಲೆ ಮರೆವು, ತೂಕಡಿಕೆ ಶುರುವಾಗುವುದುಂಟು. ಅದು ಸಿಟಿ ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಆಪರೇಷನ್‌ನಿಂದ ಸರಿಯೂ ಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಯಾವತ್ತಾದರೂ ಎರಡು ಮೂರು ದಿನದಲ್ಲೇ ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿಯಾಗಿ ಏನೇನೋ ಮಾತಾಡಲು ಶುರು ಮಾಡಿದರೆ ಕಾಯಬೇಡಿ. ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದಿರುವುದೋ ಇರಬಹುದು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ನೆನಪಿನ ಪರೀಕ್ಷೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಓದು ಬರಹ ಇಲ್ಲದವರಿಗೆ ಇಲ್ಲೇ ಅನ್ಯಾಯ ಆಗುವುದು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ ಪಟ್ಟಿ 30 ಅಂಕದ್ದು. ಇವತ್ತು ಯಾವ ತಾರೀಕು, 100ರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ ಅಂತೆಲ್ಲ ಕೇಳುತ್ತಾರೆ. ಕೊನೆಗೆ ಒಂದರೊಳಗೊಂದು ಸಿಕ್ಕಿಕೊಂಡ ಎರಡು ಐದು ಮೂಲೆಯ ಚಿತ್ರ ತೋರಿಸಿ, ನೋಡಿ ಬರೆಯಿರಿ ಅನ್ನುತ್ತಾರೆ. ಪೆನ್ಸಿಲ್ಲನ್ನೇ ಹಿಡಿಯದ ಕೈ ಅದು. ಹೆಂಗಸು ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಕಾಗದದ ಮೂಲೆಯಲ್ಲಿ ಒಂದು ಗೀಟು ಎಳೆದು, ನಾಚಿಕೊಂಡು ‘ನಂಗೆ ಬರಲ್ಲ ಸಾರ್’ ಅಂತ ವಾಪಸ್ ಕೊಡುತ್ತಾರೆ. ಅದೇ ಹೆಂಗಸು ಬೆಳಗ್ಗೆ ಎದ್ದು ಅಂಗಳದಲ್ಲಿ 15 ಚುಕ್ಕಿಯ ರಂಗೋಲಿಯನ್ನು ಒಂದೂ ಎಳೆ ತಪ್ಪದೆ ಹಾಕಿ ಬಂದಿರುತ್ತಾರೆ! ಅಂಕ ಕಡಿಮೆ ಬಂತು ಅಂತ ಅವರಿಗೆ ಡಿಮೆನ್ಷಿಯಾ ಹಣೆಪಟ್ಟಿ ಹಚ್ಚಿದರೆ ತಪ್ಪು ಯಾರದು?

ಶ್ರೀನಿವಾಸಪುರ ಕಡೆ ಇನ್ನೊಂದು ತೊಡಕಿದೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಪರೀಕ್ಷೆ ಕನ್ನಡದಲ್ಲಿ ಮಾತ್ರ ಮಾಡಿದರೆ ಮರೆವು ಇಲ್ಲದವರಿಗೂ ಅಂಕ ಕಡಿಮೆ ಬರುತ್ತದೆ. ನಿಮ್ಮ ಮನೆಮಾತು ತೆಲುಗಾದರೆ ಡಾಕ್ಟರಿಗೆ ಮೊದಲೇ ಹೇಳಿ. ನಾನಾದರೆ ತಾರೀಕು ಕೇಳುವ ಬದಲು ಕಳೆದದ್ದು ಅಮಾವಾಸ್ಯೆಯೋ ಹುಣ್ಣಿಮೆಯೋ, ಡೇರಿ ಬಟವಾಡೆ ಆಯಿತಾ, ನಿನ್ನೆ ಸಂಜೆ ಎಷ್ಟು ಲೀಟರ್ ಹಾಲು ಬಂತು ಅಂತ ಕೇಳುತ್ತೇನೆ. ಎಲ್ಲಕ್ಕಿಂತ ಮುಖ್ಯ, ಮನೆಯವರನ್ನು ಕೇಳುತ್ತೇನೆ: ಹತ್ತು ವರ್ಷದ ಹಿಂದೆ ಇದ್ದದ್ದಕ್ಕೂ ಈಗಕ್ಕೂ ಏನು ವ್ಯತ್ಯಾಸ? ಓದಿದವರಾಗಲಿ ಓದದವರಾಗಲಿ, ಅವರನ್ನು ಅವರ ಜೊತೆಗೇ ಹೋಲಿಸುವುದರಿಂದ ಈ ವಿಧಾನ ನ್ಯಾಯವಾದದ್ದು. ನೀವು ಬರೆದ ಡೇರಿ ಕ್ಯಾನಿನ ಸಂಗತಿ ಆ 30 ಅಂಕದ ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ.

ಈಗ ನಿಮ್ಮ ‘ನಮಗೇನು ಬಂತು’ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ನಿಮ್ಮ ಊರಿಗೆ ಬಂದವರು ಬಹುಶಃ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು. ಅವರ ಅಧ್ಯಯನದ ಹೆಸರು ‘ಸ್ಯಾನ್ಸ್‌ಕಾಗ್’. ಇಂಗ್ಲಿಷಿನಲ್ಲಿ ಆ ಹೆಸರಿನ ಮೊದಲ ಅಕ್ಷರ ‘ಎಸ್’ ಶ್ರೀನಿವಾಸಪುರದ್ದೇ. 2018ರಲ್ಲಿ ಶುರುವಾಯಿತು. ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಸೇರಿಸಿಕೊಂಡು, ವರ್ಷಗಳ ಕಾಲ ಮತ್ತೆ ಮತ್ತೆ ಅವರ ನೆನಪು, ರಕ್ತ, ಕಣ್ಣು, ನಡಿಗೆ, ಮೆದುಳಿನ ಸ್ಕ್ಯಾನ್ ನೋಡುತ್ತಾ ಹೋಗುವುದು ಅದರ ಗುರಿ. ನೆನಪಿನ ಪರೀಕ್ಷೆಗಳನ್ನು ಕನ್ನಡ, ತೆಲುಗು ಎರಡಕ್ಕೂ ಹೊಂದಿಸಿದ್ದಾರೆ. ಯಾರಿಗೆ ಮರೆವು ಬರುತ್ತದೆ, ಯಾರಿಗೆ ಬರಲ್ಲ, ಬರುವುದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ದೇಹದಲ್ಲಿ ಏನು ಬದಲಾಗಿರುತ್ತದೆ ಅಂತ ಹುಡುಕುವ ಕೆಲಸ ಅದು. ಗಮನಿಸಿ ನೋಡುವ ಅಧ್ಯಯನವೇ ಹೊರತು ಚಿಕಿತ್ಸೆ ಕೊಡುವುದಲ್ಲ. ಅದಕ್ಕೇ ನಿಮಗೆ ಏನೂ ಬರಲಿಲ್ಲ ಅನ್ನಿಸಿರಬೇಕು.

ಡಿಮೆನ್ಷಿಯಾ ಬಗ್ಗೆ ಡಾಕ್ಟರುಗಳಿಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಯುರೋಪ್, ಅಮೆರಿಕದ ಓದಿದ ಜನರಿಂದ ಬಂದದ್ದು. ರಾಗಿ ಹೊಲದಲ್ಲಿ ಗೇಯ್ದು, ಸೌದೆ ಒಲೆ ಹೊಗೆ ಕುಡಿದು, ಶಾಲೆ ಮೆಟ್ಟಿಲು ಹತ್ತದೆ 67 ಮುಟ್ಟಿದವರಿಗೆ ಅದು ಎಷ್ಟು ಹೊಂದುತ್ತದೆ ಅಂತ ತಿಳಿಯಲು ಇಂಥ ಅಧ್ಯಯನ ಬೇಕೇ ಬೇಕು. ಜೊತೆಗೆ ನಿಮಗೆ ನೇರವಾದ ಉಪಯೋಗವೂ ಒಂದಿದೆ. ಅವರು ರಿಪೋರ್ಟು, ಸ್ಕ್ಯಾನ್ ಫಿಲ್ಮು ಕೊಟ್ಟಿದ್ದರೆ ಟ್ರಂಕಿನಲ್ಲಿ ಹುಡುಕಿ ತೆಗೆಯಿರಿ. ಕೊಟ್ಟಿಲ್ಲದಿದ್ದರೆ ಕೇಳಿ ನೋಡಿ. ಮರೆವು ಶುರುವಾಗುವ ಮೊದಲಿನ ಸ್ಕ್ಯಾನ್ ಇರುವ ರೋಗಿ ನನ್ನ ಹತ್ತಿರ ಬರುವುದೇ ಅಪರೂಪ. ಆಗ ಹೇಗಿತ್ತು, ಈಗ ಹೇಗಿದೆ ಅಂತ ಪಕ್ಕಪಕ್ಕ ಇಟ್ಟು ನೋಡಬಹುದು. ಮತ್ತೆ ಅವರು ಬಂದಾಗ ಬೇಡ ಅನಿಸಿದರೆ ಬೇಡ ಅನ್ನುವ ಹಕ್ಕೂ ನಿಮ್ಮತ್ತೆಗೆ ಇದೆ.

ಮೈದುನ ಹೇಳಿದ ಇಂಜೆಕ್ಷನ್‌ಗೆ ಬರೋಣ. ಅವರು ಕೇಳಿದ್ದು ಸುಳ್ಳಲ್ಲ. ಲೆಕಾನೆಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2023ರ ಜುಲೈಯಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಮರುವರ್ಷ ಡೊನಾನೆಮ್ಯಾಬ್‌ಗೂ ಸಿಕ್ಕಿತು. ಡಿಮೆನ್ಷಿಯಾಗೆ ಬಹಳ ಸಲ ಕಾರಣವಾಗುವ ಆಲ್ಝೈಮರ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಗಟ್ಟಿಯಾಗಿ ಕೂರುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ಇವು ತೆಗೆದುಹಾಕುತ್ತವೆ. ಆ ಕೆಲಸವನ್ನು ನಿಜಕ್ಕೂ ಚೆನ್ನಾಗಿ ಮಾಡುತ್ತವೆ. ಆದರೆ ಮನೆಯವರಿಗೆ ಬೇಕಾದ್ದು ಪ್ರೋಟೀನ್ ಲೆಕ್ಕ ಅಲ್ಲ, ಅಮ್ಮ ಹೇಗಿದ್ದಾರೆ ಅನ್ನುವುದು, ಅಲ್ವಾ? ಲೆಕಾನೆಮ್ಯಾಬ್‌ನ ದೊಡ್ಡ ಪರೀಕ್ಷೆಯಲ್ಲಿ 1,795 ಜನ ಇದ್ದರು. 18 ತಿಂಗಳು ನೋಡಿದರು. ಕಾಯಿಲೆ ಎಷ್ಟು ಮುಂದುವರಿಯಿತು ಅಂತ ಅಳೆಯಲು 18 ಅಂಕದ ಅಳತೆ. ಔಷಧಿ ಸಿಗದವರು 1.66 ಅಂಕದಷ್ಟು ಕೆಟ್ಟರು, ಸಿಕ್ಕಿದವರು 1.21 ಅಂಕದಷ್ಟು. ಪತ್ರಿಕೆಗಳಲ್ಲಿ ‘ಶೇ. 27ರಷ್ಟು ಪರಿಣಾಮ’ ಅಂತ ಬಂದದ್ದು ಇದೇ. ಇಬ್ಬರೂ ಕೆಟ್ಟರು, ಒಬ್ಬರು ಸ್ವಲ್ಪ ನಿಧಾನಕ್ಕೆ. ಹೋದ ನೆನಪು ಯಾರಿಗೂ ವಾಪಸ್ ಬರಲಿಲ್ಲ. ಆ ಅರ್ಧ ಅಂಕದ ವ್ಯತ್ಯಾಸ ಮನೆಯವರ ಕಣ್ಣಿಗೆ ಕಾಣುತ್ತದೆಯೇ ಅಂತ ತಜ್ಞರಲ್ಲೇ ಜಗಳ ಇನ್ನೂ ಮುಗಿದಿಲ್ಲ. ನಾನು ಕಾಣಲ್ಲ ಅನ್ನುವವರ ಕಡೆ.

ಇದಕ್ಕೆ ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳಬೇಕು. ನೂರರಲ್ಲಿ 12-13 ಮಂದಿಗೆ ಮೆದುಳಿನಲ್ಲಿ ಊತ ಕಂಡುಬಂತು, ಕೆಲವರಿಗೆ ರಕ್ತಸ್ರಾವ. ಅದಕ್ಕಾಗಿ ಪದೇ ಪದೇ ಎಂಆರ್‌ಐ ಬೇಕು. ಅಮೆರಿಕದಲ್ಲಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್. ಅದೂ ಕಾಯಿಲೆ ತೀರಾ ಶುರುವಿನಲ್ಲಿದ್ದು, ಅಮಿಲಾಯ್ಡ್ ಇದೆ ಅಂತ ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿ ನೀರಿನ ಪರೀಕ್ಷೆಯಲ್ಲಿ ಖಾತ್ರಿಯಾದವರಿಗೆ ಮಾತ್ರ. ನಿಮ್ಮತ್ತೆಗೆ ಇನ್ನೂ ಬಿ12 ಕೂಡ ನೋಡಿಲ್ಲ. ಅರ್ಧ ಎಕರೆ ತೋಪು ಹೋದ ಮೇಲೆ ಮುಂದಿನ ವರ್ಷದ ಡ್ರಿಪ್ಪಿಗೆ ಉಳಿದರ್ಧ ಎಕರೆ ಮಾರುತ್ತೀರಾ?

ಇನ್ನು ರಕ್ತ ಪರೀಕ್ಷೆಯಲ್ಲೇ ಆಲ್ಝೈಮರ್ ಗೊತ್ತಾಗುತ್ತದಂತೆ ಅಂತ ಯಾರಾದರೂ ಹೇಳಬಹುದು. ಅದೂ ನಿಜವೇ. ಪಿ-ಟೌ217 ಎಂಬ ಪ್ರೋಟೀನ್ ಅಳೆಯುವ ಒಂದು ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಮುಂದೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಸದ್ಯಕ್ಕೆ, ಕಿಡ್ನಿ ತೊಂದರೆ ಇದ್ದರೂ ಈ ಪ್ರೋಟೀನ್ ಏರುತ್ತದೆ. ಹಳೇ ಶುಗರ್ ಇರುವವರಿಗೆ ಕಿಡ್ನಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಮರೆವೇ ಇಲ್ಲದವರು ಕುತೂಹಲಕ್ಕೆ ಮಾಡಿಸುವ ಪರೀಕ್ಷೆಯಂತೂ ಇದಲ್ಲ.

ಹಾಗಾದರೆ ನಮ್ಮಂಥ ಊರಿಗೆ ಹೊಂದುವ ಸಂಶೋಧನೆ ಯಾವುದು? ನನ್ನನ್ನು ಕೇಳಿದರೆ ಈಚಿನ ವರ್ಷಗಳ ದೊಡ್ಡ ಸುದ್ದಿ ಚೀನಾದ ಹಳ್ಳಿಗಳಿಂದ ಬಂದದ್ದು. 2025ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 326 ಹಳ್ಳಿ, ಬಿಪಿ ಇರುವ ಸುಮಾರು 34,000 ಜನ. ಅರ್ಧ ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆ. ಇನ್ನರ್ಧ ಹಳ್ಳಿಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ ಬಿಪಿ ನೋಡಿ, ಮಾತ್ರೆ ಹೆಚ್ಚು ಕಡಿಮೆ ಮಾಡಿ, 130/80ಕ್ಕಿಂತ ಕೆಳಗೆ ಇಡುವ ಹಾಗೆ ನೋಡಿಕೊಂಡರು. ದೊಡ್ಡ ಡಾಕ್ಟರುಗಳು ಹಿಂದೆ ನಿಂತು ಸಲಹೆ ಕೊಟ್ಟರು ಅಷ್ಟೆ. ನಾಲ್ಕು ವರ್ಷ ಕಳೆದಾಗ ಈ ಹಳ್ಳಿಗಳಲ್ಲಿ ಡಿಮೆನ್ಷಿಯಾ ಶೇ. 15ರಷ್ಟು ಕಡಿಮೆ. ಬಳಸಿದ್ದು ಹಳೇ ಬಿಪಿ ಮಾತ್ರೆಗಳೇ, ನಮ್ಮ ಪಿಎಚ್‌ಸಿಯಲ್ಲೂ ಸಿಗುವಂಥವು. ಮೆದುಳಿನ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚಿನ ಒತ್ತಡಕ್ಕೆ ವರ್ಷಗಟ್ಟಲೆ ಸಿಕ್ಕಿ ಗಡುಸಾಗುತ್ತವೆ, ಅಲ್ಲಲ್ಲಿ ಮುಚ್ಚಿಹೋಗುತ್ತವೆ. ಲಕ್ವ ಹೊಡೆದಾಗ ಮಾತ್ರ ನಮಗೆ ಗೊತ್ತಾಗುತ್ತದೆ. ಗೊತ್ತಾಗದ ಹಾಗೆ ನಡೆಯುವ ಚಿಕ್ಕ ಚಿಕ್ಕ ಹಾನಿಯೇ ಮರೆವಿಗೆ ದಾರಿ ಮಾಡುತ್ತದೆ.

ನಿಮ್ಮ ಪತ್ರದಲ್ಲಿ ಶುಗರ್ ಇದೆ, ಬಿಪಿ ಮಾತೇ ಇಲ್ಲ. ಇಲ್ಲವೋ, ನೋಡಿಯೇ ಇಲ್ಲವೋ? ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ನೋಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಅತ್ತೆಯ ಜೊತೆಗೆ ನಿಮ್ಮ ಯಜಮಾನರದ್ದೂ ನೋಡಿಸಿ, ಯಾಕಂದರೆ ಮೆದುಳಿಗೆ ಬಿಪಿ ಜಾಸ್ತಿ ಕೆಡುಕು ಮಾಡುವುದು ನಲವತ್ತು ಐವತ್ತರ ವಯಸ್ಸಿನಲ್ಲಿ. ಅತ್ತೆಯ ಬಿಪಿ ಎಷ್ಟಕ್ಕೆ ಇಳಿಸಬೇಕು ಅನ್ನುವುದನ್ನು ಡಾಕ್ಟರಿಗೇ ಬಿಡಿ. ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೀಳುವಷ್ಟು ಇಳಿಸಬಾರದು.

ಟಿವಿ ಸೌಂಡಿನ ವಿಷಯವನ್ನು ನೀವು ದೂರಿನ ಹಾಗೆ ಬರೆದಿದ್ದೀರಿ. ನನಗೆ ಅದು ರೋಗದ ಲಕ್ಷಣದ ಹಾಗೆ ಕಂಡಿತು. ತಡೆಯಬಹುದಾದ ಕಾರಣಗಳನ್ನು ಸರಿಪಡಿಸಿದರೆ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೇಳಿತು. ಅದು ಪಟ್ಟಿ ಮಾಡಿದ 14 ಕಾರಣಗಳಲ್ಲಿ ಕಿವುಡುತನಕ್ಕೆ ಮುಂಚೂಣಿಯ ಸ್ಥಾನ. ಕಣ್ಣು ಮಂಜಾಗುವುದೂ, ಒಂಟಿತನವೂ, ಹೊಗೆಯೂ ಆ ಪಟ್ಟಿಯಲ್ಲಿವೆ. ಕಿವಿ ಮೆಷಿನ್ ಹಾಕಿದರೆ ಮರೆವು ನಿಲ್ಲುತ್ತದೆಯೇ? 2023ರಲ್ಲಿ ಅಮೆರಿಕದ ಒಂದು ಅಧ್ಯಯನ 977 ಜನರಲ್ಲಿ ಇದನ್ನೇ ಪರೀಕ್ಷಿಸಿತು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದವರ ಗುಂಪಿನಲ್ಲಿ, ಮೂರು ವರ್ಷದಲ್ಲಿ ನೆನಪು ಇಳಿಯುವ ವೇಗ ಸುಮಾರು ಅರ್ಧಕ್ಕೆ ಬಂತು. ಖಚಿತ ಉತ್ತರ ಅನ್ನಲಾರೆ. ಮೆಷಿನ್‌ನಿಂದ ಕೆಡುಕಂತೂ ಇಲ್ಲ, ಮನೆಯವರ ಮಾತು ಕೇಳಿಸುತ್ತದೆ. ಅರ್ಧ ಮಾತು ಕೇಳಿಸದೆ ಇದ್ದವರು ಮರೆತಂತೆ ಕಾಣುವುದೂ ಉಂಟು. ಬಿಪಿಎಲ್ ಕಾರ್ಡ್ ಇದ್ದರೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದವರಿಗೆ ಕಿವಿ ಮೆಷಿನ್, ಕನ್ನಡಕ ಕೊಡುತ್ತಾರೆ. ಕಣ್ಣಿನ ಪೊರೆಯನ್ನೂ ಒಮ್ಮೆ ನೋಡಿಸಿಬಿಡಿ.

ಮಕ್ಕಳಿಗೆ ಬರುತ್ತಾ ಅಂತ ಕೇಳಿದ್ದೀರಿ. ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಜಾಸ್ತಿ, ಬಂದೇ ಬರುತ್ತದೆ ಅಂತಲ್ಲ. ನೇರವಾಗಿ ವಂಶದಲ್ಲಿ ಇಳಿದು ಬರುವ ಬಗೆ ಬಹಳ ಅಪರೂಪ, ಅದು ಸಾಮಾನ್ಯವಾಗಿ 65ಕ್ಕಿಂತ ಮೊದಲೇ ಕಾಣಿಸಿಕೊಳ್ಳುತ್ತದೆ. ದುಡ್ಡು ಕೊಟ್ಟು ಜೀನ್ ಟೆಸ್ಟ್ ಮಾಡಿಸುವ ಅಗತ್ಯ ನಿಮ್ಮ ಮನೆಯಲ್ಲಿ ನನಗೆ ಕಾಣುತ್ತಿಲ್ಲ.

ಎಲ್ಲ ಪರೀಕ್ಷೆ ಆಗಿ ಕೊನೆಗೆ ಆಲ್ಝೈಮರ್ ಎಂದೇ ಆದರೆ ಡೊನೆಪೆಜಿಲ್‌ನಂಥ ಮಾತ್ರೆ ಬರೆದುಕೊಡುತ್ತಾರೆ. ಹಳೆಯ ಔಷಧಿ, ತೋಪು ಮಾರುವಂಥ ಬೆಲೆಯದ್ದಲ್ಲ. ಕಾಯಿಲೆ ನಿಲ್ಲಿಸಲ್ಲ, ಕೆಲವರಿಗೆ ಸ್ವಲ್ಪ ಕಾಲ ಚುರುಕು ಉಳಿಸುತ್ತದೆ. ಹೊಟ್ಟೆ ತೊಳಸಬಹುದು, ನಾಡಿ ನಿಧಾನವಾಗಬಹುದು, ಅದನ್ನು ನೋಡಿಕೊಳ್ಳಬೇಕು. ಟಿವಿಯಲ್ಲಿ ಜಾಹೀರಾತು ಬರುವ ಮೆಮೊರಿ ಪುಡಿಗಳಿಗೆ ದುಡ್ಡು ಸುರಿಯಬೇಡಿ.

ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು? ಡೇರಿಗೆ ಹೋಗುವುದನ್ನು ನಿಲ್ಲಿಸಬೇಡಿ. ನಡೆದಾಟ, ನಾಲ್ಕು ಜನರ ಜೊತೆ ಮಾತು, ಎರಡೂ ಅಲ್ಲಿವೆ. ಡೇರಿ ಸೆಕ್ರೆಟರಿಗೆ ವಿಷಯ ಹೇಳಿಡಿ, ಎರಡನೇ ಸಲ ಬಂದರೆ ನಗಾಡದೆ ‘ಆಗಲೇ ಹಾಕಿದ್ದೀರಮ್ಮ’ ಅಂತ ಕಳಿಸಲಿ. ವಾಪಸ್ ಬಂದ ತಕ್ಷಣ ಕ್ಯಾನ್ ತೊಳೆದು ಕಣ್ಣಿಗೆ ಬೀಳದ ಕಡೆ ಬೋರಲು ಹಾಕಿ. ಸಾರಿಗೆ ಉಪ್ಪು ನೀವು ಹಾಕಿ, ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಅವರಿಗಿರಲಿ. ಮಗಳನ್ನು ತಂಗಿ ಹೆಸರಿಂದ ಕರೆದರೆ ತಿದ್ದಲು ಹೋಗಬೇಡಿ, ‘ಅವರು ಸತ್ತು ಎಷ್ಟು ವರ್ಷ ಆಯ್ತು’ ಅಂದರೆ ಆ ಸಾವಿನ ಸುದ್ದಿ ಅವರಿಗೆ ಪ್ರತಿ ಸಲವೂ ಹೊಸದು. ಮಗಳಿಗೂ ಇದನ್ನು ಹೇಳಿಕೊಡಿ. ದಾರಿ ತಪ್ಪುವ ಮೊದಲೇ ಸೆರಗಿನ ಅಂಚಿನ ಒಳಗೆ ಫೋನ್ ನಂಬರ್ ಬರೆದು ಹೊಲಿಯಿರಿ. ಪಹಣಿ, ಬ್ಯಾಂಕ್ ಕಾಗದಕ್ಕೆ ಯಾರು ಹೆಬ್ಬೆಟ್ಟು ಕೇಳಿದರೂ ನೀವಿಬ್ಬರೂ ಇಲ್ಲದೆ ಹಾಕಿಸಬೇಡಿ, ಕೇಳುವವರು ಮೈದುನನೇ ಆದರೂ ಸರಿ. ನಿಮಗೂ ಸುಸ್ತಾಗುತ್ತದೆ. ವಾರಕ್ಕೆ ಒಂದು ಹೊತ್ತಾದರೂ ಯಜಮಾನರು ಅವರ ತಾಯಿಯನ್ನು ನೋಡಿಕೊಳ್ಳಲಿ, ನೀವು ತವರಿಗೋ ಸಂತೆಗೋ ಹೋಗಿ ಬನ್ನಿ. ರಾತ್ರಿ ಹೊತ್ತು ತಡೆಯಲಾಗದಂತೆ ಆದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಎಲ್ಲಿಗೆ ಹೋಗಬೇಕು? ಬೆಂಗಳೂರಿಗೆ ಓಡುವ ಮೊದಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ. 2022ರಲ್ಲಿ ನಿಮ್ಹಾನ್ಸ್, ರಾಜ್ಯ ಸರ್ಕಾರ, ನೀತಿ ಆಯೋಗ ಸೇರಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಎಂಬ ಮೆದುಳಿನ ಆರೋಗ್ಯ ಯೋಜನೆಗೆ ಮೊದಲ ಹಂತದಲ್ಲೇ ಆರಿಸಿದ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಅಂತ ವಿಚಾರಿಸಿಕೊಂಡು ಹೋಗಿ. ಅಲ್ಲಿಂದ ಬೇಕಾದರೆ ಅವರೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಹೋಗುವಾಗ ಅತ್ತೆ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಕವರಿನಲ್ಲಿ ಹಾಕಿಕೊಳ್ಳಿ, ನಾಟಿ ಔಷಧಿ ಇದ್ದರೆ ಅದೂ. ಹಳೇ ಸ್ಕ್ಯಾನ್ ಫಿಲ್ಮ್ ಮರೆಯಬೇಡಿ. ಯಾವ ತಪ್ಪು ಯಾವ ಹಬ್ಬದ ಹೊತ್ತಿಗೆ ಶುರುವಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮತ್ತೆ, ಜೊತೆಯಲ್ಲಿ ನೀವೇ ಹೋಗಿ. ದಿನಾ ನೋಡುತ್ತಿರುವವರು ನೀವು. ಮೈದುನ ಹೋದರೆ ಡಾಕ್ಟರು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಇರಲ್ಲ.